ಜಲಜಾಕ್ಷಿ ಆಂಟಿಯ ಹನ್ನೆರಡು ಸೆಕೆಂಡು

ಲೋಕಲ್ ರೈಲು ಘಾಟ್ಕೋಪರ್ ಬಿಟ್ಟು ವೇಗ ಹಿಡಿಯುತ್ತಿದ್ದಂತೆ ಲೇಡೀಸ್ ಡಬ್ಬಿಯ ಬಾಗಿಲಿನಿಂದ ಒಂದು ಕೈ ಹೊರಗೆ ಬರುತ್ತಿತ್ತು. ಮಣಿಕಟ್ಟಿನಲ್ಲಿ ಎರಡು ಹಸಿರು ಗಾಜಿನ ಬಳೆ, ಅವುಗಳ ಹಿಂದೆ ಗಂಡಸರು ಕಟ್ಟುವಂಥ ದೊಡ್ಡ ಗಡಿಯಾರ, ಬೆರಳ ತುದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಪ್ಪು ಇಂಕು. ಅಂಗೈಯನ್ನು ನೆಲಕ್ಕೆ ಸಮನಾಗಿ ಚಾಚಿ ಹೆಬ್ಬೆರಳಿನ ಕಡೆಯನ್ನು ತುಸುವೇ ಎತ್ತಿದರೆ ಸಾಕು, ಕೈಯೆಲ್ಲ ತಾನಾಗಿ ಮೇಲಕ್ಕೇಳುತ್ತಿತ್ತು. ತುಸು ಬಗ್ಗಿಸಿದರೆ ದಬಕ್ಕನೆ ಕೆಳಗೆ. ಒಳಗಿದ್ದ ಹೆಂಗಸರು, “ಅಹೋ ಬಾಯಿ, ಹಾತ್ ಆತ್ ಘ್ಯಾ, ಖಾಂಬ್ ಆಲಾ!” ಎಂದು ಕಿರುಚುತ್ತಿದ್ದರು, ಕೈ ಒಳಗೆ ತಗೊಳ್ಳಿ, ಕಂಬ ಬಂತು ಅಂತ. ಕಂಬ ಬರುವ ಮುಂಚೆ ಕೈ ಒಳಗೆ ಬಂದಿರುತ್ತಿತ್ತು. ಯಾವ ಕಂಬ ಎಲ್ಲಿದೆ ಎಂಬುದು ಅದಕ್ಕೆ ಬಾಯಿಪಾಠ. ಕಂಬ ದಾಟಿದ ಮೇಲೆ ಮತ್ತೆ ಹೊರಗೆ. ವಿಕ್ರೋಳಿ ಬರುವ ತನಕ ಇದೇ ಆಟ.

ಆ ಕೈ ಜಲಜಾಕ್ಷಿ ಆಂಟಿಯದು. ಅವರಿಗೆ ತಲೆ ಸ್ವಲ್ಪ ಸರಿಯಿಲ್ಲ ಎಂದು ಡಬ್ಬಿಯಲ್ಲಿ ಅರ್ಧ ಜನ ನಂಬಿದ್ದರು. ನಾನೂ ನಂಬಿದ್ದೆ. ಒಂದೇ ವ್ಯತ್ಯಾಸವೆಂದರೆ ನಾನು ಅದನ್ನು ಅವರ ಮುಖಕ್ಕೇ ಹೇಳಿದ್ದೆ. ಅದಕ್ಕೆ ಅವರು, “ಬಾ ಇಲ್ಲಿ, ನೀನೂ ಕೈ ಚಾಚು. ಆಮೇಲೆ ಯಾರಿಗೆ ಸರಿಯಿಲ್ಲ ಅಂತ ಇಬ್ರೂ ಸೇರಿ ತೀರ್ಮಾನ ಮಾಡೋಣ” ಎಂದಿದ್ದರು. ಚಾಚಿದೆ. ಗಾಳಿ ನನ್ನ ಕೈಯನ್ನು ಕೆಳಗಿನಿಂದ ಯಾರೋ ಹಿಡಿದೆತ್ತಿದ ಹಾಗೆ ಎತ್ತಿತು. ಸೋಲನ್ನು ಒಪ್ಪುವ ಅಭ್ಯಾಸ ನನಗಿರಲಿಲ್ಲವಾದ್ದರಿಂದ, “ಇದರಿಂದ ಏನೂ ಸಾಬೀತಾಗಲ್ಲ” ಎಂದೆ.

ಸಾಬೀತು ಎಂಬುದು ಆಗ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತಿದ್ದ ಪದ. ಮುಲುಂಡಿನ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಬೆಳಿಗ್ಗೆ ಪರವಾಗಿ ಮಾತಾಡಿದ ವಿಷಯಕ್ಕೆ ಮಧ್ಯಾಹ್ನ ವಿರೋಧವಾಗಿ ಮಾತಾಡಿ ಎರಡು ಕಡೆಯೂ ಕಪ್ ಗೆದ್ದು ಬಂದವಳು. ಮನೆಯಲ್ಲಿ ಅಮ್ಮ ಸಾರಿಗೆ ಉಪ್ಪು ಸರಿಯಾಗಿದೆಯಾ ಎಂದು ಕೇಳಿದರೂ, “ಸರಿ ಅಂದ್ರೆ ಯಾರ ಪ್ರಕಾರ?” ಎನ್ನುತ್ತಿದ್ದೆ. “ನಿನ್ನ ಜೊತೆ ಬಾಳುವೆ ಮಾಡೋನು ಮೊದಲು ಸುಪ್ರೀಂ ಕೋರ್ಟಲ್ಲಿ ಪ್ರಾಕ್ಟೀಸ್ ಮಾಡಿರ್ಬೇಕು” ಎಂದು ಅಮ್ಮ ನನ್ನನ್ನು ಎದುರು ಬಾಗಿಲಿನ ಜಲಜಾಕ್ಷಿ ಆಂಟಿಯ ಮನೆಗೆ ಅಟ್ಟುತ್ತಿದ್ದರು. ಘಾಟ್ಕೋಪರ್‌ನ ನಮ್ಮ ಬಿಲ್ಡಿಂಗಿನ ತಲೆಯ ಮೇಲೆಯೇ ಸಾಂತಾಕ್ರೂಜ್‌ಗೆ ಇಳಿಯುವ ವಿಮಾನಗಳು ಹಾದುಹೋಗುತ್ತವೆ. ಒಂದು ಹೋಗುವಾಗ ಯಾರ ಮಾತು ಯಾರಿಗೂ ಕೇಳಿಸುವುದಿಲ್ಲ, ಪಾತ್ರೆಗಳು ಗುಂಯ್ ಎನ್ನುತ್ತವೆ. ನನ್ನ ಮಾತಿಗೆ ಅಡ್ಡ ಬರುವ ಧೈರ್ಯವಿದ್ದದ್ದು ಇಬ್ಬರಿಗೇ: ವಿಮಾನಕ್ಕೆ ಮತ್ತು ಜಲಜಾಕ್ಷಿ ಆಂಟಿಗೆ. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. “ಏನೇ ಲಾಯರಮ್ಮ, ಇವತ್ತು ಯಾರ ಕೇಸು?” ಎಂದೇ ಬಾಗಿಲು ತೆಗೆಯುತ್ತಿದ್ದರು.

ಅವರು ಮೈಸೂರಿನವರು. ವಿಕ್ರೋಳಿಯ ಒಂದು ನೀರಿನ ಪಂಪಿನ ಕಾರ್ಖಾನೆಯಲ್ಲಿ ಟ್ರೇಸರ್ ಆಗಿದ್ದರು. ಟ್ರೇಸರ್ ಎಂದರೆ, ಎಂಜಿನಿಯರು ಪೆನ್ಸಿಲಿನಲ್ಲಿ ಬರೆದ ನಕ್ಷೆಯ ಮೇಲೆ ಅರೆಪಾರದರ್ಶಕ ಬಟ್ಟೆ ಹಾಸಿ, ಅದೇ ಗೆರೆಗಳನ್ನು ಇಂಕಿನಲ್ಲಿ ತಿದ್ದುವವರು. ಆ ಬಟ್ಟೆಯಿಂದ ನೀಲಿ ಪ್ರತಿಗಳು ತಯಾರಾಗಿ ವರ್ಕ್‌ಶಾಪಿಗೆ ಹೋಗುತ್ತವೆ. ನಕ್ಷೆಯಲ್ಲಿ ಇದ್ದದ್ದು ಕಬ್ಬಿಣವಾಗುತ್ತದೆ. ಆಂಟಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ನೊಣ ನಕ್ಷೆಯ ಮೇಲೆ ಕೂತು ತನ್ನ ಗುರುತು ಬಿಟ್ಟು ಹೋಗಿತ್ತಂತೆ. ಆಂಟಿ ಅದನ್ನೂ ಭಕ್ತಿಯಿಂದ ಇಂಕಿನಲ್ಲಿ ತಿದ್ದಿದರು. ವರ್ಕ್‌ಶಾಪಿನವರು ಅಷ್ಟೇ ಭಕ್ತಿಯಿಂದ ಅಲ್ಲೊಂದು ತೂತು ಕೊರೆದರು. ಪಂಪು ತೂತಿನ ಸಮೇತ ಊರೂರಿಗೆ ಹೋಯಿತು. ವರ್ಷಗಳ ಮೇಲೆ ಯಾರೋ ಗಮನಿಸಿ ತೂತು ನಿಲ್ಲಿಸಿದಾಗ, ಗಿರಾಕಿಗಳು “ನಮ್ಮ ಹಳೇ ಪಂಪಿನಲ್ಲಿ ತೂತಿತ್ತು, ಇದು ಡೂಪ್ಲಿಕೇಟ್ ಮಾಲು” ಎಂದು ವಾಪಸು ಕಳಿಸಿದರಂತೆ.

“ಇದು ಕಟ್ಟುಕತೆ” ಎಂದೆ ನಾನು. ಆಂಟಿ ನನ್ನ ರಟ್ಟೆ ಹಿಡಿದು ಕೆಳಗೆ ಕರೆದೊಯ್ದು, ನಮ್ಮದೇ ಬಿಲ್ಡಿಂಗಿನ ಪಂಪಿನ ಮುಂದೆ ಕೂರಿಸಿದರು. ಹಸಿರು ಬಣ್ಣದ ಅದರ ಹೊಟ್ಟೆಯ ಬದಿಯಲ್ಲಿ ಕಿರುಬೆರಳಷ್ಟು ತೂತು ಇತ್ತು. “ಮುಟ್ಟಿ ನೋಡು. ನೊಣ ಮಾಡಿದ ಡಿಸೈನು” ಎಂದರು, ಮಗಳ ಮಾರ್ಕ್ಸ್ ಕಾರ್ಡು ತೋರಿಸುವವರ ಹಾಗೆ.

ಆ ನೊಣದಿಂದಾಗಿ ಆಂಟಿಗೆ ಒಂದು ಚಟ ಅಂಟಿತು. ಯಾವ ನಕ್ಷೆ ಬಂದರೂ ಪ್ರತಿ ಗೆರೆಯ ಮೇಲೂ ಬೆರಳಿಟ್ಟು, “ಇದ್ಯಾಕೆ?” ಎಂದು ಕೇಳುವುದು. “ಗೆರೆ ಅಂದ್ಮೇಲೆ ಅದಕ್ಕೊಂದು ಕಾರಣ ಇರ್ಬೇಕು ಕಣೇ. ಇಲ್ಲಾಂದ್ರೆ ಅದು ನೊಣದ್ದು” ಎನ್ನುತ್ತಿದ್ದರು. ಆಫೀಸಿನಲ್ಲಿ ಎಂಜಿನಿಯರುಗಳು ಅವರಿಗಿಟ್ಟ ಹೆಸರು ‘ಕ್ಯೂಂ ಬಾಯಿ’, ಅಂದರೆ ‘ಯಾಕೆ ಅಮ್ಮ’. ಆ ಹೆಸರು ಅವರಿಗೆ ಬಹಳ ಪ್ರಿಯ. ಯಾಕೆ ಮದುವೆಯಾಗಲಿಲ್ಲ ಎಂದು ಭಜನೆಗೆ ಬಂದ ಹೆಂಗಸರು ಕೇಳಿದರೆ, “ಆ ಗೆರೆಗೆ ಕಾರಣ ಸಿಕ್ಲಿಲ್ಲ ಕಣ್ರೀ” ಎಂದು ಕೋಸಂಬರಿ ಬಡಿಸುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಕಾರ್ಖಾನೆಗೆ ಕಂಪ್ಯೂಟರ್ ಬಂತು. ಅದರ ಕೋಣೆಗೆ ಏರ್ ಕಂಡೀಷನ್, ಕಿಟಕಿಗೆ ಪರದೆ, ಬಾಗಿಲ ಹೊರಗೆ ಚಪ್ಪಲಿ ಬಿಡಬೇಕೆಂಬ ಬೋರ್ಡು. ನಕ್ಷೆಗಳನ್ನು ಇನ್ನು ಅದೇ ಬರೆಯುತ್ತದೆ, ಟ್ರೇಸರುಗಳು ಬೇಡ, ದುಡ್ಡು ತೆಗೆದುಕೊಂಡು ಮನೆಗೆ ಹೋಗಬಹುದು ಎಂದು ಕಂಪನಿ ಹೇಳಿತು. ವರ್ಷದ ಕೊನೆಗೆ ಹೊರಡಲು ಜೊತೆಯವರೆಲ್ಲ ಒಪ್ಪಿದರು. ಆಂಟಿ ಮಾತ್ರ ಡ್ರಾಯಿಂಗ್ ಆಫೀಸಿನ ಮುಖ್ಯಸ್ಥ ಬಾಟ್ಲಿವಾಲಾ ಸಾಹೇಬರ ಕ್ಯಾಬಿನ್ನಿಗೆ ಹೋಗಿ, “ನನಗೆ ಆ ಕೋಣೇಲಿ ಒಂದು ಕುರ್ಚಿ ಬೇಕು” ಎಂದರು. ಬಾಟ್ಲಿವಾಲಾ ಪಾರಸಿ ಮುದುಕರು. ಒಳ್ಳೆಯವರೇ, ಆದರೆ ‘ಕ್ಯೂಂ ಬಾಯಿ’ಯ ಪ್ರಶ್ನೆಗಳಿಂದ ಇಪ್ಪತ್ತು ವರ್ಷ ನೊಂದವರು. ಅವರೊಂದು ಶರತ್ತು ಹಾಕಿದರು: ದಸರೆಯ ದಿನ ಮನೆಯವರೆಲ್ಲ ಕಾರ್ಖಾನೆ ನೋಡಲು ಬರುತ್ತಾರಲ್ಲ, ಅವತ್ತು ಆ ಯಂತ್ರದಲ್ಲಿ ಏನಾದರೂ ಮಾಡಿ ತೋರಿಸು, ಆದರೆ ಅದು ಕೈಯಲ್ಲಿ, ಬಟ್ಟೆಯ ಮೇಲೆ, ಇಂಕಿನಲ್ಲಿ ಮಾಡಲಾಗದ್ದು ಆಗಿರಬೇಕು. ಮಾಡಿದರೆ ಕುರ್ಚಿ, ಇಲ್ಲದಿದ್ದರೆ ಮನೆ.

“ಕೈಯಲ್ಲಿ ಆಗದ್ದು ಅಂದ್ರೆ ಏನೇ?” ಎಂದು ಅವತ್ತು ಸಂಜೆ ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ತಲೆಯ ಮೇಲೆ ವಿಮಾನ ಬಂತು. ಸದ್ದು ಅಡಗಿದಾಗ ಆಂಟಿಯ ಮುಖ ಬೇರೆಯೇ ಆಗಿತ್ತು. “ಚಲಿಸೋದು!” ಎಂದರು. “ನಾನು ಬರೆದ ಗೆರೆ ಒಂದೂ ಇದುವರೆಗೆ ಕೂತಲ್ಲಿಂದ ಎದ್ದಿಲ್ಲ.”

ಹಾಗೆ ಶುರುವಾಯಿತು ಮೊದಲ ವಿಮಾನದ ಹಾರಾಟ. ಅಮೆರಿಕದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಅಣ್ಣತಮ್ಮಂದಿರಿಬ್ಬರು ಮರಳುಗಾಡಿನಂಥ ಕಡಲತೀರದಲ್ಲಿ ಮೊದಲ ಸಲ ಯಂತ್ರದ ಬಲದಿಂದ ಹಾರಿದರಲ್ಲ, ಅದು. ಆಂಟಿಯ ಬಳಿ ಇದ್ದದ್ದು ರದ್ದಿ ಅಂಗಡಿಯಿಂದ ತಂದ ಒಂದು ಹಳೆಯ ಪತ್ರಿಕೆಯಲ್ಲಿನ ಫೋಟೊ, ಅದರ ಕೆಳಗೆ ಎರಡು ಸಾಲು: ತಮ್ಮ ಮಲಗಿಕೊಂಡು ನಡೆಸುತ್ತಿದ್ದಾನೆ, ರೆಕ್ಕೆಯ ತುದಿ ಹಿಡಿದು ಜೊತೆಗೆ ಓಡಿದ ಅಣ್ಣ ಈಗಷ್ಟೇ ಕೈಬಿಟ್ಟಿದ್ದಾನೆ, ಹನ್ನೆರಡು ಸೆಕೆಂಡು, ನೂರಿಪ್ಪತ್ತು ಅಡಿ.

“ನೂರಿಪ್ಪತ್ತು ಅಡಿನಾ?” ಎಂದೆ. “ಆಂಟಿ, ಈಗ ಮೇಲೆ ಹೋಯ್ತಲ್ಲ, ಅಂಥ ಜಂಬೋ ಜೆಟ್ಟಿನ ಒಂದು ರೆಕ್ಕೆತುದಿಯಿಂದ ಇನ್ನೊಂದಕ್ಕೆ ಅದಕ್ಕಿಂತ ದೂರ ಇದೆ. ಇದು ಹಾರಾಟ ಅಲ್ಲ, ನೆಗೆತ. ನಮ್ಮ ಕಾಂಪೌಂಡಿನ ಬೆಕ್ಕೂ ನೆಗೆಯುತ್ತೆ.”

“ನೆಗೆದೋನು ಬೀಳ್ತಾನೆ. ಹಾರಿದೋನು ಇಳೀತಾನೆ.”

“ಬೆಕ್ಕೂ ಇಳಿಯುತ್ತೆ.”

“ಬೆಕ್ಕಿಗೆ ಎಂಜಿನ್ ಇಲ್ಲ. ಸುಮ್ನೆ ಖಾಲಿಪೀಲಿ ವಾದ ಮಾಡ್ಬೇಡ, ಗ್ರಾಫ್ ಪೇಪರ್ ಹಿಡ್ಕೊ.”

ಈ ಜಗಳ ನಮ್ಮಿಬ್ಬರ ನಡುವೆ ಕೊನೆಯವರೆಗೂ ಇತ್ತು. ನಾನು ಅದನ್ನು ನೆಗೆತ ಎನ್ನುವುದು, ಅವರು ಹಾರಾಟ ಎನ್ನುವುದು. ಬೇರೆಯವರು ಯೋಗಕ್ಷೇಮ ವಿಚಾರಿಸಿಕೊಳ್ಳುವ ಹಾಗೆ ನಾವು ಇದನ್ನು ವಿಚಾರಿಸಿಕೊಳ್ಳುತ್ತಿದ್ದೆವು.

ದಾದರಿನ ಒಂದು ಕ್ಲಾಸಿನಲ್ಲಿ, ಮೀಸೆ ಮೂಡದ ಹುಡುಗರ ನಡುವೆ ಕೂತು ಆಂಟಿ ಯಂತ್ರಕ್ಕೆ ಹೇಳಿಕೊಡುವುದನ್ನು ಕಲಿತರು. ಇಲ್ಲಿಂದ ಇಲ್ಲಿಗೆ ಗೆರೆ ಎಳೆ, ಅಳಿಸು, ಸ್ವಲ್ಪ ಮುಂದೆ ಮತ್ತೆ ಎಳೆ. ಇಷ್ಟೇ. ಮನೆಯಲ್ಲಿ ಚೌಕಳಿ ಕಾಗದದ ಮೇಲೆ ವಿಮಾನ ಬರೆದು ಪ್ರತಿ ಗೆರೆಯ ಎರಡೂ ತುದಿ ಯಾವ ಚೌಕದಲ್ಲಿದೆ ಎಂದು ಗುರುತು ಹಾಕುವುದು, ಊಟದ ಬಿಡುವಿನಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿ ಆ ಅಂಕಿಗಳನ್ನು ಯಂತ್ರಕ್ಕೆ ಉಣಿಸುವುದು. ಇಡೀ ದಿನದ ಹಾರಾಟ ಬರೆದರೆ ಅದರ ಹೊಟ್ಟೆಗೆ ಹಿಡಿಸುತ್ತಿರಲಿಲ್ಲ. ಹನ್ನೆರಡು ಸೆಕೆಂಡು ಹಿಡಿಸುತ್ತಿತ್ತು. “ನೋಡಿದ್ಯಾ, ಅಣ್ಣತಮ್ಮ ನನ್ನ ಮಷೀನು ನೋಡ್ಕೊಂಡೇ ಹಾರಿದಾರೆ” ಎಂದು ಹಿಗ್ಗಿದರು.

ನಾನು ಸಹಾಯ ಮಾಡಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನಾನು ಮಾಡಿದ್ದು ಸಂಶಯ. ಒಂದು ಭಾನುವಾರ ಫೋಟೊ ನೋಡುತ್ತ ಕೂತಿದ್ದೆ. ಆಂಟಿ ಆಗಲೇ ಅರ್ಧಕ್ಕಿಂತ ಹೆಚ್ಚು ಮುಗಿಸಿದ್ದರು. ಫೋಟೊದಲ್ಲಿ ವಿಮಾನದ ಎರಡು ಫ್ಯಾನುಗಳು ನಮ್ಮ ಕಡೆಗಿದ್ದವು. ನಾವು ಕಂಡ ಫ್ಯಾನಿನ ವಿಮಾನಗಳಿಗೆಲ್ಲ ಫ್ಯಾನು ಮೂಗಿನಲ್ಲೇ ಇರುತ್ತದೆ. ಆದ್ದರಿಂದ ವಿಮಾನ ನಮ್ಮ ಕಡೆಗೇ ಬರುತ್ತಿದೆ ಎಂದು ಆಂಟಿ ಲೆಕ್ಕ ಹಾಕಿ, ಫ್ಯಾನು ಮುಂದಾಗಿ ಹಾರುವಂತೆ ಎಲ್ಲವನ್ನೂ ಬರೆದಿದ್ದರು.

“ಆಂಟಿ, ಈ ಉದ್ದ ಪಟ್ಟಿ ಏನು?”

“ಹಳಿ. ಅದರ ಮೇಲೆ ಜಾರ್ಕೊಂಡು ಹೋಗಿ ಮೇಲೆದ್ದಿದ್ದು.”

“ಅಂದ್ರೆ ಹಳಿ ಬಿಟ್ಟಾದ ಮೇಲಿನ ಫೋಟೊ ಇದು.”

“ಹೌದು ಮಾರಾಯ್ತಿ.”

“ಹಳಿ ಈ ಕಡೆ ಇದೆ, ವಿಮಾನ ಅದರಾಚೆ ಇದೆ. ನಮ್ಮ ಕಡೆ ಬರೋದಾಗಿದ್ರೆ ಹಳಿ ಅದರ ಹಿಂದೆ, ಆ ಕಡೆ ಇರ್ಬೇಕಿತ್ತಲ್ಲ?”

ಆಂಟಿ ಫೋಟೊ ಕಿತ್ತುಕೊಂಡರು. ಹಳಿಯ ಮೇಲೆ ಬೆರಳಿಟ್ಟು ಜಾರಿಸಿದರು. ಮತ್ತೆ ಜಾರಿಸಿದರು. ಬೆರಳು ಎರಡು ಸಲವೂ ನಮ್ಮಿಂದ ದೂರಕ್ಕೇ ಹೋಯಿತು. ಆ ವಿಮಾನಕ್ಕೆ ಫ್ಯಾನು ಹಿಂದೆ, ಬಾಲದಂಥ ಚಿಕ್ಕ ರೆಕ್ಕೆ ಮುಂದೆ. ನಾವು ಅದನ್ನು ಇಷ್ಟು ದಿನ ಹಿಮ್ಮುಖವಾಗಿ ಹಾರಿಸಿದ್ದೆವು.

“ಥೂ ನನ್ನ ಬುದ್ಧಿಗಿಷ್ಟು” ಎಂದರು. “ಮತ್ತೆ ನೊಣ!”

ಇನ್ನೊಬ್ಬರಾಗಿದ್ದರೆ ಅತ್ತಿರುತ್ತಿದ್ದರು. ಆಂಟಿ ಎದ್ದು ಹೋಗಿ ಇಬ್ಬರಿಗೂ ಕಾಫಿ ಮಾಡಿ ತಂದು, ನನ್ನ ಲೋಟಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿ, “ಇದು ನಿನ್ನ ಫೀಸು” ಎಂದು ಕೊಟ್ಟು, ಚೌಕಳಿ ಕಾಗದದ ಹೊಸ ಹಾಳೆ ಬಿಡಿಸಿದರು. ಅವತ್ತು ಮೊದಲ ಬಾರಿಗೆ ಒಂದು ವಾದ ಗೆದ್ದು ನನಗೆ ಪೆಚ್ಚೆನಿಸಿತು.

ದಸರೆಗೆ ಸ್ವಲ್ಪ ದಿನವಿರುವಾಗ ಆಂಟಿ ಊಟದ ಹೊತ್ತಿನಲ್ಲಿ ಆಫೀಸಿನ ಪ್ಯೂನ್ ಸಾವಂತನನ್ನೂ ಜೊತೆಯ ಟ್ರೇಸರ್ ಹೆಂಗಸರನ್ನೂ ಕರೆದು ಓಡಿಸಿ ತೋರಿಸಿದರು. ಕಪ್ಪು ಪರದೆಯ ಮೇಲೆ ಹಸಿರು ಗೆರೆಗಳ ವಿಮಾನ ಮಿಣಮಿಣ ಎನ್ನುತ್ತ ಎದ್ದಿತು, ತೂಗಾಡಿತು, ಇಳಿಯಿತು. ಸಂಜೆ ಮನೆಗೆ ಬಂದ ಆಂಟಿಯ ಮುಖ ಸಪ್ಪಗಿತ್ತು.

“ಏನಂದ್ರು?”

“ಸಾವಂತ ಅಂತಾನೆ, ‘ಬಾಯಿ, ಛಾನ್ ಆಹೇ, ಪಣ್ ಉಲಟಾ ಕಾ ಜಾತಂಯ್?’ ಚೆನ್ನಾಗಿದೆ, ಆದ್ರೆ ಉಲ್ಟಾ ಯಾಕೆ ಹೋಗ್ತಿದೆ ಅಂತೆ. ಎಲ್ರೂ ಅದನ್ನೇ ಅಂದ್ರು. ರಿವರ್ಸ್ ಗೇರು ಅಂತ ನಕ್ರು. ಅದೂ ಅಲ್ದೆ, ಮಲಗಿರೋ ಮನುಷ್ಯನ್ನ ತೋರ್ಸಿ ‘ಸ್ಲೀಪರ್ ಕ್ಲಾಸಾ?’ ಅಂದ್ಳು ನಮ್ಮ ಟ್ರೇಸರ್ ಕುಲಕರ್ಣಿ.”

ಸಾವಂತನಿಗೆ ಅನಿಸಿದ್ದು ಬಾಟ್ಲಿವಾಲಾಗೂ ಅನಿಸುತ್ತದೆ. ವಿಮಾನವನ್ನು ಹಿಂದೆಮುಂದೆ ಮಾಡಿದ ಟ್ರೇಸರಿಗೆ ಯಾರು ಕುರ್ಚಿ ಕೊಡುತ್ತಾರೆ? ನನಗೆ ಎರಡು ದಾರಿ ಕಂಡಿತು. ಒಂದು, ಜನಕ್ಕೆ ಬೇಕಾದ ಹಾಗೆ ಫ್ಯಾನು ಮುಂದೆ ಇಟ್ಟು ಹಾರಿಸಿ ಕುರ್ಚಿ ಹಿಡಿಯುವುದು. ಹಳೆಯ ಅಂಕಿಗಳು ಹೇಗೂ ಇದ್ದವು. ಇನ್ನೊಂದು, ವಿಮಾನ ಓಡಿಸುವ ಮೊದಲು ನಾನು ಬರೆದುಕೊಡುವ ಐದು ನಿಮಿಷದ ಭಾಷಣ ಮಾಡುವುದು: ಹಳಿ ಎಲ್ಲಿತ್ತು, ಆದ್ದರಿಂದ ಮುಂದು ಯಾವುದು, ಹಿಂದು ಯಾವುದು.

“ಮೊದಲನೇದು ಆಗಲ್ಲ. ನೊಣ ಅಂತ ಗೊತ್ತಾದ್ಮೇಲೂ ತೂತು ಕೊರೆಯೋದಾ?” ಎಂದರು. “ಎರಡನೇದೂ ಬೇಡ. ಹನ್ನೆರಡು ಸೆಕೆಂಡಿಗೆ ಐದು ನಿಮಿಷ ಭಾಷಣ ಮಾಡಿದ್ರೆ ಜನ ವಡಾ ತಿನ್ನೋಕೆ ಎದ್ದು ಹೋಗ್ತಾರೆ.”

“ಮತ್ತೆ ಏನ್ ಮಾಡ್ತೀರಿ?”

ಆಂಟಿ ಫೋಟೊ ಮತ್ತೆ ಕೈಗೆತ್ತಿಕೊಂಡರು. ಆಮೇಲೆ ಫೋಟೊದ ಬಲತುದಿಯಲ್ಲಿ ನಿಂತಿದ್ದ ಅಣ್ಣನ ಮೇಲೆ ಬೆರಳಿಟ್ಟರು. ಅಲ್ಲಿಯವರೆಗೂ ಅವನನ್ನು ಬಿಟ್ಟೇ ಬರೆದಿದ್ದರು. “ಮನುಷ್ಯ ಹಿಮ್ಮುಖವಾಗಿ ಓಡಲ್ಲ ಕಣೇ” ಎಂದರು. “ಇವನನ್ನ ಓಡಿಸಿದ್ರೆ, ಇವನು ಹೋಗೋ ದಿಕ್ಕೇ ಮುಂದು. ಭಾಷಣಾನೇ ಬೇಡ.”

ತರ್ಕ ನನಗೆ ಹಿಡಿಸಿತು. ತೊಂದರೆ ಏನೆಂದರೆ, ಆಂಟಿ ಬಾಳಿನಲ್ಲಿ ಒಬ್ಬ ಮನುಷ್ಯನನ್ನೂ ಬರೆದವರಲ್ಲ. ಪಂಪಿನ ನಕ್ಷೆಯಲ್ಲಿ ಮನುಷ್ಯರಿರುವುದಿಲ್ಲ. ಅವರು ಬರೆದ ಮೊದಲ ಅಣ್ಣ ನಳಕ್ಕೆ ಕೈಕಾಲು ಬಂದ ಹಾಗಿದ್ದ. ಎರಡನೆಯವನ ಮಂಡಿ ಬಾಗಿಲಿನ ಕೀಲಿನಂತೆ ಎರಡೂ ಕಡೆಗೆ ಮಡಚುತ್ತಿತ್ತು. “ಟ್ರೇಸ್ ಮಾಡೋಕೆ ಒರಿಜಿನಲ್ ಬೇಕು. ನೀನು ಟೆರೇಸ್ ಮೇಲೆ ಓಡು” ಎಂದರು. ಪರೀಕ್ಷೆ ಹತ್ತಿರವಿದೆ, ನನಗೆ ಮರ್ಯಾದೆ ಇದೆ ಎಂದೆಲ್ಲ ನಾನು ವಾದ ಹೂಡಿದೆ. “ಹಾಗಾದ್ರೆ ನಡಿ ಸ್ಟೇಷನ್ನಿಗೆ” ಎಂದರು.

ಘಾಟ್ಕೋಪರ್ ಸ್ಟೇಷನ್ನಿನ ಬೆಂಚಿನ ಮೇಲೆ ನಾವಿಬ್ಬರೂ ಬೆಳಗಿನ ಗರ್ದಿಯಲ್ಲಿ ಕೂತೆವು. ಜನ ರೈಲು ಹತ್ತಲು ಬರುವ ಜಾಗದಲ್ಲಿ ಎರಡು ಹೆಂಗಸರು ರೈಲು ಬಿಟ್ಟು ಗಂಡಸರನ್ನೇ ದಿಟ್ಟಿಸುತ್ತ ಕೂತರೆ ಏನಾಗಬೇಕೋ ಅದೇ ಆಯಿತು. ಒಬ್ಬ ರೈಲ್ವೆ ಪೊಲೀಸಿನವನು ಬಂದು, “ಕಿಸ್ಕೋ ಢೂಂಡ್ ರಹೀ ಹೋ, ಮೌಸಿ?” ಎಂದ.

“ಭಾಯಿ ಕೋ” ಎಂದರು ಆಂಟಿ, ಕಣ್ಣು ಕದಲಿಸದೆ. ಅಣ್ಣನನ್ನು ಹುಡುಕುತ್ತಿದ್ದೇನೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಪಾಪ, ಆತ ಅಣ್ಣನ ಬಣ್ಣ, ಎತ್ತರ, ಹಾಕಿದ ಬಟ್ಟೆ ಎಲ್ಲ ವಿಚಾರಿಸಿ, ಸಿಕ್ಕರೆ ಹೇಳುತ್ತೇನೆಂದು ಹೋದ.

ಅಣ್ಣ ಸಿಕ್ಕಿದ. ಹೊರಟ ಗಾಡಿಯ ಜೊತೆ ಬಾಗಿಲಿನ ಕಂಬಿ ಹಿಡಿದು ಓಡುತ್ತಿದ್ದ ಒಬ್ಬ ಧಡೂತಿ ಮನುಷ್ಯ. ಮೈ ಮುಂದಕ್ಕೆ ವಾಲಿ, ಅಂಗಿಯ ಚುಂಗು ಹಿಂದಕ್ಕೆ ಹಾರಿ, ಹತ್ತಲೋ ಬಿಡಲೋ ಎಂಬ ಮುಖ ಮಾಡಿಕೊಂಡು ಓಡಿ, ಕೊನೆಗೆ ಕೈಬಿಟ್ಟ. ಬಿಟ್ಟ ಮೇಲೂ ನಾಲ್ಕು ಹೆಜ್ಜೆ ಓಡಿ, ನಿಂತು, ಹೋಗುತ್ತಿರುವ ಗಾಡಿಯನ್ನು ನೋಡಿದ. “ಅದೇ, ಅದೇ!” ಎಂದು ಆಂಟಿ ನನ್ನ ತೊಡೆ ಹಿಂಡಿದ್ದು ಎರಡು ದಿನ ನೋಯುತ್ತಿತ್ತು. ಹೋಗಿ ಆ ಮನುಷ್ಯನಿಗೆ, “ಥ್ಯಾಂಕ್ಯೂ ಭಾಯಿಸಾಬ್” ಎಂದರು. ಗಾಡಿ ತಪ್ಪಿದವನಿಗೆ ಥ್ಯಾಂಕ್ಯೂ ಹೇಳಿದರೆ ಅವನ ಮುಖ ಹೇಗಾಗಬೇಡ!

ಮುಂದಿನ ವಾರ ಚೌಕಳಿ ಕಾಗದದ ಮೇಲೆ ಅಣ್ಣ ಓಡಿದ. ನಿಜವಾಗಿಯೂ ಓಡಿದ. ನಾನು ನೋಡಿ, ಅವರ ಹಾಗೆಯೇ ಬೆರಳಿಟ್ಟು ಕೇಳಿದೆ:

“ಆಂಟಿ, ಇದ್ಯಾಕೆ?”

ಅಣ್ಣನ ಹೆಗಲಿಂದ ಒಂದು ಊಟದ ಡಬ್ಬಿಯ ಚೀಲ ಜೋತಾಡುತ್ತಿತ್ತು.

ಆಂಟಿ ಕನ್ನಡಕ ಏರಿಸಿ ನೋಡಿದರು. ಕಂಡದ್ದನ್ನು ಕಂಡ ಹಾಗೆ ತಿದ್ದುವ ಇಪ್ಪತ್ತು ವರ್ಷದ ಅಭ್ಯಾಸ. ಘಾಟ್ಕೋಪರ್‌ನ ಮನುಷ್ಯನ ಹೆಗಲಲ್ಲಿ ಡಬ್ಬಿ ಇತ್ತು, ಬಂದುಬಿಟ್ಟಿತ್ತು. ನಾನು ಬಿದ್ದು ಬಿದ್ದು ನಕ್ಕೆ. ಅವರು ಡಬ್ಬಿ ಅಳಿಸಿದರು. ಅಳಿಸಿದ ಮೇಲೆ ಅಣ್ಣ ಮತ್ತೆ ಗೊಂಬೆಯಾದ. ಓಟ ಇತ್ತು, ಅವಸರ ಇರಲಿಲ್ಲ. ಡಬ್ಬಿ ಹಾಕಿದರು, ಜೀವ ಬಂತು. ತೆಗೆದರು, ಹೋಯಿತು.

“ಇರ್ಲಿ ಬಿಡು” ಎಂದರು ಕೊನೆಗೆ.

“ಇತಿಹಾಸದಲ್ಲಿ ಡಬ್ಬಿ ಇರಲಿಲ್ಲ ಆಂಟಿ! ಗೆರೆಗೆ ಕಾರಣ ಬೇಕು ಅಂತ ಯಾರು ಹೇಳ್ತಿದ್ದದ್ದು?”

“ಕಾರಣ ಇದೆಯಲ್ಲ. ಇದು ಇದ್ರೆ ಓಡ್ತಾನೆ.”

“ಇದು ಸಾಕ್ಷಿ ತಿರುಚೋದು.”

“ವಿಮಾನದ್ದು ಒಂದು ಗೆರೆ ತಿರುಚಿದ್ರೆ ನನ್ನ ಕೈ ಕಡಿ. ಡಬ್ಬಿ ಅವನ ಹೆಂಡತಿ ಕೊಟ್ಟಿದ್ದು ಅನ್ಕೊ.” ಅಣ್ಣನಿಗೆ ಮದುವೆಯಾಗಿತ್ತೇ ಎಂದು ಕೇಳಬೇಕೆನ್ನುವಷ್ಟರಲ್ಲಿ ವಿಮಾನ ಬಂತು. ನನ್ನ ಎಷ್ಟು ಒಳ್ಳೆಯ ಪ್ರಶ್ನೆಗಳು ಹೀಗೆ ಸಾಂತಾಕ್ರೂಜ್ ಪಾಲಾಗಿವೆಯೋ!

ದಸರೆಯ ದಿನ ಕಾರ್ಖಾನೆಯ ಯಂತ್ರಗಳಿಗೆಲ್ಲ ಚೆಂಡುಹೂವಿನ ಹಾರ. ಅಮ್ಮ ಮತ್ತು ನಾನು ಆಂಟಿಯ ‘ಮನೆಯವರು’ ಎಂದು ಹೋಗಿದ್ದೆವು. ಕಂಪ್ಯೂಟರ್ ಕೋಣೆಯ ಹೊರಗೆ ದೇವಸ್ಥಾನದಲ್ಲಿ ಇರುವಂತೆ ಚಪ್ಪಲಿಗಳ ರಾಶಿ. ಸಾವಂತ ಪರದೆಯ ಗಾಜಿಗೆ ಕುಂಕುಮ ಇಡಲು ಬಂದಾಗ ಆಂಟಿ ಅವನ ಕೈ ಹಿಡಿದುಕೊಂಡರು. “ನಕೋ ರೇ ಬಾಬಾ! ಯಾರಾದ್ರೂ ತೂತು ಅಂದ್ಕೊಂಡ್ಬಿಟ್ರೆ!” ಅವನು ಪಾಪ ಕೀಬೋರ್ಡಿನ ಮೂಲೆಗಿಟ್ಟು ಹೋದ. ಬಾಟ್ಲಿವಾಲಾ ಬಂದರು. ಬಿಳಿ ಪ್ಯಾಂಟು, ಕೈಯಲ್ಲಿ ಊರುಗೋಲು, ಕಾಲಲ್ಲಿ ಬರೀ ಕಾಲುಚೀಲ. ನಾನು ಬೇಡವೆಂದರೂ ಬರೆದಿಟ್ಟುಕೊಂಡಿದ್ದ ಭಾಷಣವನ್ನು ಮನಸ್ಸಿನಲ್ಲೇ ಮೊದಲಿನಿಂದ ಹೇಳಿಕೊಳ್ಳುತ್ತಿದ್ದೆ. ಬೇಕಾದರೆ ನಾನೇ ಮುಂದೆ ನುಗ್ಗುವುದು ಎಂದು.

ಆಂಟಿ ಒಂದು ಗುಂಡಿ ಒತ್ತಿದರು. ಹಸಿರು ಹಳಿ ಬಂತು, ಅದರ ಮೇಲೆ ವಿಮಾನ ಬಂತು, ಅದರೊಳಗೆ ಮಲಗಿದ ತಮ್ಮ ಬಂದ.

“ಅರೆ ಜಲಜಾ” ಎಂದರು ಬಾಟ್ಲಿವಾಲಾ, ಊರುಗೋಲು ಎತ್ತಿ. “ಆ ತೋ ರಿವರ್ಸ್ ಮಾ…”

ಅಷ್ಟರಲ್ಲಿ ಅಣ್ಣ ಬಂದ. ರೆಕ್ಕೆಯ ತುದಿ ಹಿಡಿದು, ಮೈ ವಾಲಿಸಿ, ಡಬ್ಬಿ ಬೆನ್ನಿಗೆ ಬಡಿಯುತ್ತ ಓಡಿದ. ವಿಮಾನ ಅವನ ಜೊತೆಗೆ ಜಾರಿತು. ಕೋಣೆಯಲ್ಲಿದ್ದ ಯಾರಿಗೂ ಮುಂದು ಯಾವುದು ಎಂಬ ಪ್ರಶ್ನೆ ಉಳಿಯಲಿಲ್ಲ. ಪ್ರತಿದಿನ ಬೆಳಿಗ್ಗೆ ಅದೇ ಓಟ ಓಡುವವರು ಅವರೆಲ್ಲ.

“ಪಕಡ್, ಪಕಡ್!” ಎಂದು ಬಾಟ್ಲಿವಾಲಾ ಕೂಗಿಬಿಟ್ಟರು. “ಛೋಡ್ನಾ ನಹೀ!” ಹಿಡಿ, ಬಿಡಬೇಡ.

“ಅರೇ ಧಾವ್, ಧಾವ್!” ಎಂದು ಅಣ್ಣನನ್ನು ಓಡಿಸಿದ ಸಾವಂತ.

ವಿಮಾನ ಹಳಿ ಬಿಟ್ಟಿತು. ಅಣ್ಣ ಕೈಬಿಟ್ಟ. ನಾಲ್ಕು ಹೆಜ್ಜೆ ಓಡಿ ನಿಂತು ನೋಡಿದ. ವಿಮಾನ ಮೇಲೆ ಹೋಯಿತು, ಮುಗ್ಗರಿಸಿತು, ಸುಧಾರಿಸಿಕೊಂಡಿತು, ಬಂದು ಮರಳಿನ ಮೇಲೆ ಕೂತಿತು. ಹನ್ನೆರಡು ಸೆಕೆಂಡು ಮುಗಿದಿತ್ತು. ಅಮ್ಮ ನನ್ನ ಕೈಯನ್ನು ಉಗುರು ಊರುವಷ್ಟು ಬಿಗಿಯಾಗಿ ಹಿಡಿದಿದ್ದರು.

ಬಾಟ್ಲಿವಾಲಾ ಕರವಸ್ತ್ರ ತೆಗೆದು ಕನ್ನಡಕ ಒರೆಸಿಕೊಂಡರು. ಆಮೇಲೆ ಪರದೆಯ ಮೇಲೆ ನಿಂತಿದ್ದ ಅಣ್ಣನತ್ತ ಊರುಗೋಲು ತೋರಿಸಿ, ಇಪ್ಪತ್ತು ವರ್ಷದ ಸೇಡು ತೀರಿಸಿಕೊಳ್ಳುವವರಂತೆ ಒಂದೊಂದೇ ಅಕ್ಷರ ಬಿಡಿಸಿ ಕೇಳಿದರು: “ಯೇ ಡಬ್ಬಾ, ಕ್ಯೂಂ, ಬಾಯಿ?”

“ಭಾಯಿ ಕೋ ಭೀ ಭೂಕ್ ಲಗ್ತೀ ಹೈ ನಾ, ಸಾಬ್” ಎಂದರು ಆಂಟಿ. ಅಣ್ಣನಿಗೂ ಹಸಿವಾಗುವುದಿಲ್ಲವೇ.

ಮುದುಕರು ಹೊಟ್ಟೆ ಹಿಡಿದು ನಕ್ಕರು. ಬಾಗಿಲ ಬಳಿ ಹೋಗಿ ಬೂಟು ಹುಡುಕುತ್ತ, ತಿರುಗಿ ನೋಡದೆಯೇ, ಸೋಮವಾರದಿಂದ ಈ ಕೋಣೆಯಲ್ಲೇ ಕೂತುಕೋ, ಆದರೆ ಪ್ರಶ್ನೆಯೆಲ್ಲ ಮಷೀನಿಗೇ ಕೇಳು, ನನಗಲ್ಲ ಎಂದರು. ಆಂಟಿ ಕುರ್ಚಿಯ ಮೇಲೆ ಕೂತರು. ಒಂದು ಕ್ಷಣ ಬಲಗೈ ಮೇಜಿನಿಂದ ಎದ್ದು, ಅಂಗೈ ನೆಲಕ್ಕೆ ಸಮನಾಗಿ, ಏರ್ ಕಂಡೀಷನ್ನಿನ ಗಾಳಿಗೆ ಎದುರಾಗಿ ನಿಂತಿತು.

ಆ ಕೋಣೆಯಲ್ಲಿ ಅವರು ಒಂದೆರಡು ವರ್ಷ ಕೂತರು. ಆಮೇಲೆ ಕಂಪನಿ ನಕ್ಷೆಯ ವಿಭಾಗವನ್ನೇ ಪುಣೆಗೆ ಸಾಗಿಸಿತು. ಆ ವಯಸ್ಸಿನಲ್ಲಿ ಊರು ಬಿಡುವುದೇ ಎಂದು ಎಲ್ಲರೂ ಅಂದರೂ ಆಂಟಿ ಖುಷಿಯಾಗಿ ಹೊರಟರು. ಘಾಟಿನಲ್ಲಿ ಗಾಳಿ ಇನ್ನೂ ಚೆನ್ನಾಗಿರುತ್ತದಂತೆ. ಎದುರು ಬಾಗಿಲಿಗೆ ಬೇರೆ ಹೆಸರಿನ ಫಲಕ ಬಂತು. ಹೋದ ವರ್ಷ ನಾನು ಕಾನೂನು ಓದಲು ಸೇರಿದ ಸ್ವಲ್ಪ ದಿನಕ್ಕೆ ಪುಣೆಯಿಂದ ಫೋನು ಬಂತು. ಅಮ್ಮ ರಿಸೀವರ್ ಇಟ್ಟು ನನ್ನನ್ನು ಕರೆದರು. ಆಫೀಸಿನಲ್ಲೇ, ಕುರ್ಚಿಯಲ್ಲೇ, ಮಧ್ಯಾಹ್ನದ ಹೊತ್ತು ಆಂಟಿ ತೀರಿಹೋದರಂತೆ. ಬದುಕಿನಲ್ಲಿ ಒಮ್ಮೆಯೂ ಅವರು ವಿಮಾನ ಹತ್ತಲಿಲ್ಲ.

ನಾನು ಅವರನ್ನು ಕೊನೆಯದಾಗಿ ನೋಡಿದ್ದು ಅವರು ಪುಣೆಗೆ ಹೊರಟ ಬೆಳಿಗ್ಗೆ, ಘಾಟ್ಕೋಪರ್ ಸ್ಟೇಷನ್ನಿನಲ್ಲಿ. ಸಾಮಾನೆಲ್ಲ ಟೆಂಪೋದಲ್ಲಿ ಮುಂದೆ ಹೋಗಿತ್ತು. ಕಲ್ಯಾಣದಲ್ಲಿ ಪುಣೆಯ ಗಾಡಿ ಹಿಡಿಯಬೇಕಿತ್ತು. ನಾನು ಬೀಳ್ಕೊಡಲು ಹೋದವಳಲ್ಲ. ಹಿಂದಿನ ದಿನ ಲೈಬ್ರರಿಯಲ್ಲಿ ಒಂದು ದಪ್ಪ ಪುಸ್ತಕ ಸಿಕ್ಕಿತ್ತು. ನೆಗೆತದ ವಾದಕ್ಕೆ ಕೊನೆಯ ಅಸ್ತ್ರ ದೊರಕಿತ್ತು. ಆಂಟಿ ಲೇಡೀಸ್ ಡಬ್ಬಿಯ ಬಾಗಿಲಲ್ಲೇ ನಿಂತಿದ್ದರು. ಎಂದಿನ ಹಾಗೆ.

“ಆಂಟಿ, ಅವತ್ತು ಅವರು ನಾಲ್ಕು ಸಲ ಹಾರಿದ್ರಂತೆ! ನಾಲ್ಕನೇದು ಹತ್ತಿರ ಹತ್ತಿರ ಒಂದು ನಿಮಿಷ. ಎಂಟುನೂರು ಅಡಿಗೂ ಮೇಲೆ. ಅದು ಹಾರಾಟ, ಒಪ್ಕೋತೀನಿ. ಆದ್ರೆ ನೀವು ಬರೆದದ್ದು ನೆಗೆತಾನೇ!”

ಗಾಡಿ ಹೊರಟಿತು. ಆಂಟಿ ಏನೋ ಅಂದರು, ಕೇಳಿಸಲಿಲ್ಲ. ನಾನು ಗಾಡಿಯ ಪಕ್ಕದಲ್ಲೇ ನಡೆದೆ.

“ನಾಲ್ಕನೇದು ಯಾಕೆ ಬರೀಲಿಲ್ಲ ನೀವು? ಆಂಟಿ! ಇದಕ್ಕೆ ಉತ್ತರ ಕೊಡಿ!”

ಅವರು ನಗುತ್ತಿದ್ದರು. ಕೈ ಹೊರಗೆ ಬಂದಿತ್ತು: ಹಸಿರು ಬಳೆ, ದೊಡ್ಡ ಗಡಿಯಾರ, ಅಂಗೈ ನೆಲಕ್ಕೆ ಸಮ. ಬಾಯಿಯ ಹತ್ತಿರ ಇನ್ನೊಂದು ಕೈ ಮಡಚಿ ಕೂಗಿದರು:

“ನಾಲ್ಕನೇದಕ್ಕೆ ಜೊತೇಲಿ ಓಡೋರು ಯಾರೂ ಇರ್ಲಿಲ್ಲ ಕಣೇ, ಲಾಯರಮ್ಮ!”

ಇದಕ್ಕೆ ಆಧಾರ ಏನು ಎಂದು ಕೇಳಲು ಬಾಯಿ ತೆರೆದೆ. ಉಸಿರು ಸಾಲಲಿಲ್ಲ. ಕಾಲೇಜಿನ ಚೀಲ ಬೆನ್ನಿಗೆ ಬಡಿಯುತ್ತಿತ್ತು. ಪ್ಲಾಟ್‌ಫಾರ್ಮ್ ಮುಗಿದು ಇಳಿಜಾರು ಶುರುವಾಗುವಲ್ಲಿ ನಾನು ನಿಂತಿದ್ದೆ. ಅಲ್ಲಿಯವರೆಗೂ ಓಡಿಕೊಂಡೇ ಬಂದಿದ್ದೆ ಎಂಬುದು ನಿಂತ ಮೇಲೆಯೇ ಗೊತ್ತಾದದ್ದು. ದೂರದಲ್ಲಿ ಮೊದಲ ಕಂಬ ಬಂತು. ಕೈ ಒಳಗೆ ಹೋಯಿತು. ಕಂಬ ದಾಟಿದ ಮೇಲೆ ಮತ್ತೆ ಹೊರಗೆ ಬಂತು.